ಜೊತೆಯವಳ ಸಹಿ

ಅಂಟಿನ ಕೋಣೆಯ ಆರು ಕಿಟಕಿಗಳಿಗೂ ಹೊರಗಿನಿಂದ ಹಲಗೆ ಹೊಡೆಸಿದರು, ಒಂಬತ್ತು ವರ್ಷ ತೆಗೆಸಲಿಲ್ಲ, ಒಳಗೆ ನಾವು ನಲವತ್ತು ಹೆಂಗಸರಿದ್ದೆವು. ಈಗ ನನ್ನ ಮುಂದೆ ಬುಗುರಿ ನಡೆಯುತ್ತಿದ್ದಾಳೆ, ಬೆಳಗಿನ ಮಂಜು ಇನ್ನೂ ಕರಗಿಲ್ಲ, ಅವಳ ಹಿಮ್ಮಡಿ ಏಳುವುದು ಬೀಳುವುದು ಅಷ್ಟೇ ನನಗೆ ಕಾಣುತ್ತಿದೆ, ಒಂದೊಂದು ಹೆಜ್ಜೆಗೂ ಮೊಣಕಾಲನ್ನು ಬೇಕಾದ್ದಕ್ಕಿಂತ ಮೇಲೆತ್ತುತ್ತಾಳೆ, ಯಾರ ಕಣ್ಣಿಗೂ ಬೀಳದ ಹೊಸ್ತಿಲೊಂದು ಅವಳಿಗೆ ಮಾತ್ರ ಅಡ್ಡ ಬರುತ್ತಿದೆಯೇನೋ ಎಂಬಂತೆ, ಎತ್ತಿ ದಾಟಿಸಿ ಪಾದವನ್ನು ಪಟ್ ಎಂದು ನೆಲಕ್ಕೆ ಬಿಡುತ್ತಾಳೆ, ಹಾಗೆ ಎತ್ತದಿದ್ದರೆ ಬೆರಳುಗಳು ಕೆಳಕ್ಕೆ ಜೋತು ನೆಲಕ್ಕೆ ತಗುಲಿ ಮುಗ್ಗರಿಸುತ್ತಾಳೆ, ಪಟ್, ಪಟ್, ಯಾತ್ರೆ ಹೊರಟ ಮೂವತ್ತು ದಿನದಿಂದ ನನ್ನ ಕಿವಿಯೊಳಗೆ ಇದೊಂದೇ ಸದ್ದು, ಈಗೀಗ ಎಡಗಾಲಿನದು ಬೇರೆಯಾಗಿದೆ, ಒದ್ದೆ ಬಟ್ಟೆ ಕಲ್ಲಿನ ಮೇಲೆ ಕೆಡವಿದ ಹಾಗೆ, ಕೇಳಿಸಿಕೊಳ್ಳಬೇಡ, ಇವತ್ತೊಂದು ದಿನ, ಗುಡ್ಡದ ಬುಡಕ್ಕೆ ಇನ್ನೊಂದು ಗಂಟೆಯ ದಾರಿ ಅಂದರು, ಅಲ್ಲಿಂದ ಮೇಲಕ್ಕೆ ಒಂದು ಗಂಟೆ, ನಮಗೆ ಎರಡು, ಇರಲಿ. ಬುಗುರಿ ಎಂದು ಹೆಸರಿಟ್ಟವಳು ನಾನೇ, ಬೂಟಿನ ಕಾರ್ಖಾನೆಗೆ ಸೇರಿದ ಮೊದಲ ವಾರ, ನಿಂತಲ್ಲಿ ನಿಲ್ಲುತ್ತಿರಲಿಲ್ಲ ಅವಳು, ಬ್ರಷ್ಷು ಹಿಡಿದುಕೊಂಡೇ ಹಿಂದಿನ ಮೇಜಿನವಳ ಕಡೆ ತಿರುಗಿ ಒಂದು ಮಾತು, ಪಕ್ಕದವಳ ಕಡೆ ತಿರುಗಿ ಒಂದು ಮಾತು, ಅಷ್ಟಾದರೂ ಸಂಜೆಗೆ ಅವಳು ಅಂಟಿಸಿದ ಅಟ್ಟೆಗಳ ರಾಶಿ ನನ್ನದಕ್ಕಿಂತ ಎತ್ತರ, ನಾನು ಬೆಳಗ್ಗೆ ಎಲ್ಲಿ ನಿಂತೆನೋ ಸಂಜೆಯವರೆಗೂ ಅಲ್ಲೇ, ಅದಕ್ಕೆ ಅವಳು ನನಗೆ ಗೂಟ ಅಂತ ಇಟ್ಟಳು, ಇಪ್ಪತ್ತಾರು ವರ್ಷವಾಯಿತು, ನಮ್ಮ ನಿಜವಾದ ಹೆಸರುಗಳು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಏ ಗೂಟ, ಹಿಂದೆ ಇದೀಯೋ ಇಲ್ಲಾ ನಡೀತಾನೇ ನಿದ್ದೆ ಹೋದ್ಯೋ, ಅನ್ನುತ್ತಾಳೆ ತಿರುಗದೆ. ಇದೀನಿ ಕಣೇ, ನಡಿ. ಇದ್ರೆ ಮಾತಾಡು, ದೆವ್ವ ಹಿಂದೆ ಬಂದ ಹಾಗಾಗುತ್ತೆ. ದೆವ್ವಕ್ಕೆ ಬೇರೆ ಬದುಕಿಲ್ವಾ, ನಿನ್ನ ಹಿಂದೆ ಅಲೆಯೋಕೆ. ನಗುತ್ತಾಳೆ, ನಕ್ಕಾಗ ಕೆಮ್ಮು ಬರುತ್ತದೆ, ಕೆಮ್ಮು ಬಂದಾಗ ನಿಲ್ಲಬೇಕು, ನಿಂತರೆ ತೂಗಾಡುತ್ತಾಳೆ, ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಅವಳಿಗೆ ಗೊತ್ತಾಗುವುದಿಲ್ಲವಲ್ಲ, ಕಣ್ಣಿನಿಂದ ನೋಡಿಯೇ ತಿಳಿಯಬೇಕು, ನಾನು ಹತ್ತಿರ ಹೋಗಿ ಭುಜ ಒಡ್ಡುತ್ತೇನೆ, ಅವಳು ಹಿಡಿಯುವುದಿಲ್ಲ, ಬರೀ ಭುಜದ ಪಕ್ಕ ನಿಲ್ಲುತ್ತಾಳೆ, ಹಿಡಿದರೆ ನಡೆದದ್ದು ಲೆಕ್ಕಕ್ಕಿಲ್ಲ ಅಂತ ಅವಳ ಹಠ.

ಸಂಜೆಗಳು ಚೆನ್ನಾಗಿದ್ದವು, ಇಪ್ಪತ್ತೆರಡನೆಯ ದಿನದವರೆಗೂ ಸಂಜೆಗಳು ಚೆನ್ನಾಗಿದ್ದವು, ತಂಗುದಾಣ ಸೇರಿದ ಕೂಡಲೇ, ಬಿಸಿಲು ಇರುವಾಗಲೇ, ಬೆಳಕಿನ ಕಡೆಗೆ ಮುಖ ಮಾಡಿ ಕೂತು ಅವಳು ಎರಡೂ ಕಾಲನ್ನು ನನ್ನ ಮಡಿಲಿಗೆ ಹಾಕುತ್ತಿದ್ದಳು, ಬೂಟು ಕಳಚುವವಳು ನಾನು, ಕಾಲುಚೀಲ ಜಾರಿಸುವವಳು ನಾನು, ಮೊಣಕಾಲಿನಿಂದ ಒಂದು ಗೇಣು ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ, ಮುಳ್ಳು ಹೊಕ್ಕರೂ ಇಲ್ಲ, ಕೆಂಡ ತುಳಿದರೂ ಇಲ್ಲ, ಹಾಗಾಗಿ ಅವಳ ಕಾಲಿಗೆ ನನ್ನ ಕಣ್ಣೇ ಗತಿ, ಅಂಟಿಸಿದ ಅಟ್ಟೆ ಎಲ್ಲಾದರೂ ಬಿಟ್ಟಿದೆಯೇ ಎಂದು ಕಾರ್ಖಾನೆಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದೆ, ಬೇರೆ ರೀತಿ ನನಗೆ ಗೊತ್ತಿಲ್ಲ, ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಒತ್ತಿಕೊಂಡು ಹೋಗುವುದು, ಹಿಮ್ಮಡಿ ಸುತ್ತಿ ಆ ಬದಿಯಿಂದ ವಾಪಸು ಬರುವುದು, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸುವುದು, ಕೊನೆಗೆ ಬೂಟಿನೊಳಗೆ ಕೈ ಹಾಕಿ ಮೂಲೆ ಮೂಲೆ ತಡವುವುದು. ಊರಿಂದ ಕಾಗದ ಬಂತೇನೇ, ಅನ್ನುತ್ತಿದ್ದಳು ಗೋಡೆಗೊರಗಿಕೊಂಡು. ಬಂತು. ಏನಂತೆ. ಬಲಗಾಲಿನವರು ಎಲ್ಲಾ ಕ್ಷೇಮವಂತೆ, ಎಡಗಾಲಿನ ಕಿರುಬೆರಳಿಗೆ ಒಂಚೂರು ಹುಷಾರಿಲ್ಲ, ಗುಳ್ಳೆ ಎದ್ದಿದೆಯಂತೆ, ಯೋಚನೆ ಮಾಡ್ಬೇಡಿ ಅಂತ ಬರೆದಿದಾರೆ. ಪಾಪ, ಮನೆಗೆ ಕಿರಿಯದು ಅದು, ನಾನು ಕೇಳ್ದೆ ಅಂತ ಬರಿ. ಬರೀತೀನಿ. ಇಷ್ಟು ವರ್ಷ ಸಾಕಿದೀನಿ, ಒಂದು ಸಲಾನೂ ನನ್ನ ನೋಡೋಕೆ ಬರಲ್ಲ ನೋಡು ಇವು, ದೂರದ ನೆಂಟರ ಹಾಗೆ, ಅನ್ನುತ್ತಿದ್ದಳು, ಪಕ್ಕದ ಚಾಪೆಯ ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ನಾನೂ ನಗುತ್ತಿದ್ದೆ, ನಗುತ್ತಲೇ ಅಂದುಕೊಳ್ಳುತ್ತಿದ್ದೆ, ಇವತ್ತು ಹೇಳಿಬಿಡಬೇಕು, ಕಾಲು ಮಡಿಲಲ್ಲಿ ಇರುವಾಗಲೇ ಹೇಳಿಬಿಡಬೇಕು, ಎದ್ದು ಹೋಗೋಕಾಗಲ್ಲ ಅವಳಿಗೆ, ಗುಳ್ಳೆಗೆ ಮುಲಾಮು ಹಚ್ಚುತ್ತಿದ್ದೆ, ಬಟ್ಟೆ ಸುತ್ತುತ್ತಿದ್ದೆ, ಹೇಳುತ್ತಿರಲಿಲ್ಲ.

ಹೇಳಬೇಕಾದದ್ದು ಒಂದೇ ಸಾಲು, ನಾನು ಸಹಿ ಹಾಕಿದೆ. ಬಿಳಿ ಬೂಟುಗಳು ಬಂದ ವರ್ಷ ಕಿಟಕಿ ಮುಚ್ಚಿದ್ದು, ಕರಿ ಬೂಟಿನ ಮೇಲೆ ಧೂಳು ಕೂತರೆ ಒರೆಸಿದರಾಯಿತು, ಬಿಳಿಯದರ ಮೇಲೆ ಕೂತರೆ ಅಂಟಿನ ಜೊತೆ ಒಣಗಿ ಕಲೆಯಾಗುತ್ತದೆ, ಮಾಲು ವಾಪಸು ಬರುತ್ತದೆ, ಹಾಗಾಗಿ ಹಲಗೆ, ಮೊದಲ ದಿನ ಮಧ್ಯಾಹ್ನಕ್ಕೇ ತಲೆ ಹಗುರವಾಗಿ ಸುಮ್ಮಸುಮ್ಮನೆ ನಗು ಬಂತು ನಮಗೆಲ್ಲ, ಬುಗುರಿ ಮೇಜಿನ ಮೇಲೆ ಹತ್ತಿ ಮೇಸ್ತ್ರಿಯ ನಡಿಗೆ ಮಾಡಿ ತೋರಿಸಿದಳು, ಕುಡಿಯದೇ ಅಮಲು, ಪುಕ್ಕಟೆ ಅಮಲು ಅಂದಳು, ನಾಲ್ಕು ವರ್ಷದ ಮೇಲೆ ಒಂದು ದಿನ ಚಪ್ಪಲಿ ಕಾಲಿಂದ ಕಳಚಿ ಬಿದ್ದದ್ದು ಗೊತ್ತಾಗದೆ ಅರ್ಧ ಬೀದಿ ಬರಿಗಾಲಲ್ಲಿ ನಡೆದು ಹೋದಳು, ಅಂಗಡಿಯವನು ಕೂಗಿ ಹೇಳಿದ, ಅಕ್ಕಾ ನಿಮ್ಮ ಚಪ್ಪಲಿ ಇಲ್ಲೇ ಬಿಟ್ರಲ್ಲ, ಎಲ್ಲರೂ ನಕ್ಕೆವು, ಅದನ್ನೂ ನಕ್ಕೆವು. ಅವಳನ್ನು ನೋಡಿದ ಡಾಕ್ಟರು ಯಾವ ಅಂಟು ಎಂದು ಕೇಳಿ, ಡಬ್ಬದ ಮೇಲಿನ ಚೀಟಿ ತರಿಸಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಇದು ಗಾಳಿ ಆಡದ ಕಡೆ ಉಸಿರಾಡೋ ವಸ್ತು ಅಲ್ಲಮ್ಮ, ನರಗಳನ್ನ ತುದಿಯಿಂದ ಸುಟ್ಟುಕೊಂಡು ಬರುತ್ತೆ. ಅವಳು ಕಾರ್ಮಿಕ ಮಂಡಳಿಗೆ ಅರ್ಜಿ ಬರೆದಳು, ದುಡ್ಡಿಗಲ್ಲ, ಆ ಕೋಣೆ ಮುಚ್ಚಿಸಿ ಎಂದು ಬರೆದಳು, ನನ್ನ ಕೈಯಲ್ಲೇ ಬರೆಸಿದಳು, ನಿನ್ನ ಅಕ್ಷರ ಗುಂಡಗಿದೆ ಅಂತ. ಮಾರನೆಯ ವಾರ ಹಲಗೆಗಳು ಮಾಯ, ಕಿಟಕಿಯ ಚೌಕಟ್ಟಿಗೆ ಹೊಸ ಬಣ್ಣ, ಮೊಳೆಯ ತೂತುಗಳಿಗೆ ಮೇಣ ತುಂಬಿಸಿದ್ದರು, ಒಬ್ಬೊಬ್ಬರನ್ನೇ ಕರೆದರು ಮೇಲಿನ ಕಛೇರಿಗೆ, ಅಲ್ಲಿ ಕೂತಿದ್ದವನು ಇಸ್ತ್ರಿ, ಸಿಬ್ಬಂದಿ ವಿಭಾಗದವನು, ಅವನ ಅಂಗಿಯ ತೋಳಿನ ಮಡಿಕೆಯಲ್ಲಿ ಸೊಪ್ಪು ಹೆಚ್ಚಬಹುದು ಅನ್ನುತ್ತಿದ್ದಳು ಬುಗುರಿ, ಬನ್ನಿ ಕೂತ್ಕೊಳಿ ಅಂದ, ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು, ಬಾಗಿಲು ಮುಚ್ಚಿದ, ಹಾಳೆಯ ಮೇಲೆ ಟೈಪು ಮಾಡಿದ್ದರು, ಅಂಟಿನ ಕೋಣೆಯ ಕಿಟಕಿಗಳು ಸದಾ ತೆರೆದಿರುತ್ತಿದ್ದವು ಎಂದು ಈ ಮೂಲಕ ದೃಢೀಕರಿಸುತ್ತೇನೆ, ಸದಾ ಎನ್ನುವ ಮಾತನ್ನು ನೋಡುತ್ತ ಕೂತೆ, ಅವನು ಅವಸರ ಮಾಡಲಿಲ್ಲ, ನಿಮ್ಮ ಮಗಳು ಪ್ಯಾಕಿಂಗಿಗೆ ಸೇರಿ ಎರಡು ತಿಂಗಳಾಯ್ತಲ್ವಾ, ಕೈ ಚುರುಕಂತೆ, ಇನ್ನೂ ಕಾಯಂ ಆಗಿಲ್ಲ ಅಲ್ವಾ ಅಂದ, ಅಷ್ಟೇ ಅಂದದ್ದು, ಒಂದು ಬೈಗುಳ ಇಲ್ಲ, ಒಂದು ಬೆದರಿಕೆ ಇಲ್ಲ, ಬೆದರಿಸಿದ್ದರೆ ಎದ್ದು ಬರುತ್ತಿದ್ದೆನೋ ಏನೋ, ಸುಳ್ಳು, ಬರುತ್ತಿರಲಿಲ್ಲ, ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿದೆ. ಕೆಳಗಿಳಿದು ಬಂದಾಗ ಬುಗುರಿ ಬ್ರಷ್ಷು ತೊಳೆಯುತ್ತಿದ್ದಳು, ಏನಾಯ್ತೇ ಅಂದಳು, ಏನಿಲ್ಲ, ಹಾಕಲ್ಲ ಅಂದೆ, ಅಂದೆ ನಾನು. ನಂಗೊತ್ತು ಬಿಡು, ಅಂದಳು. ಅವಳೊಬ್ಬಳನ್ನು ಮಾತ್ರ ಅವರು ಕರೆಯಲಿಲ್ಲ.

ಈ ಗುರುವಾರ ವಿಚಾರಣೆ, ಇವತ್ತು ಸೋಮವಾರ, ಗುರುವಾರ ಆ ಹಾಳೆಗಳನ್ನು ಎಲ್ಲರ ಮುಂದೆ ಓದುತ್ತಾರೆ, ಒಂದೊಂದು ಹೆಸರೂ ಓದುತ್ತಾರೆ, ಅಷ್ಟರೊಳಗೆ ನನ್ನ ಬಾಯಿಂದಲೇ ಅವಳಿಗೆ ತಿಳಿಯಬೇಕು, ಅದಕ್ಕೇ ಅಲ್ಲವೇ ಅವಳು ಯಾತ್ರೆಗೆ ಬರ್ತೀಯಾ ಅಂದಾಗ ಒಂದೇ ಮಾತಿಗೆ ಹ್ಞೂ ಅಂದದ್ದು, ನಾನೂರು ಕಿಲೋಮೀಟರಿನಲ್ಲಿ ಎಲ್ಲಾದರೂ ಒಂದು ಕಡೆ ಬಾಯಿ ಬಿಟ್ಟೀತು ಅಂತ. ಗುಡ್ಡದ ಮೇಲೆ ಒಂದು ಬುಗ್ಗೆ ಇದೆ, ಕಲ್ಲಿನ ತೊಟ್ಟಿಯಲ್ಲಿ ನೀರು, ನಡೆದು ಬಂದವರು ಅದರಲ್ಲಿ ಕಾಲಿಡುತ್ತಾರೆ, ಮೂಳೆಯೊಳಕ್ಕೆ ಕೊರೆಯುವ ತಣ್ಣಗಿನ ನೀರಂತೆ, ಎಂಥ ಗಟ್ಟಿಗನಾದರೂ ಒಮ್ಮೆ ಕಿರುಚದೆ ಇರುವುದಿಲ್ಲವಂತೆ, ರೋಗ ಹೋಗುತ್ತೆ ಅನ್ನುವವರು ಇದ್ದಾರೆ, ಬುಗುರಿ ಅದನ್ನು ನಂಬಿದವಳಲ್ಲ, ವಾಸಿ ಗೀಸಿ ಬೇಡ ನಂಗೆ, ಒಂದು ಸಲ ಕಿರುಚಬೇಕು ಕಣೇ, ಕಾಲಿಂದ ಕಿರುಚಿ ಎಷ್ಟು ವರ್ಷ ಆಯ್ತು ಅಂದಿದ್ದಳು. ಬುಗ್ಗೆಯ ಹತ್ತಿರ ಬಿಡಬೇಕಾದರೆ ಒಂದು ನಿಯಮ, ನಡೆದವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಹಾಗಿಲ್ಲ, ಜೊತೆಯವರು ಹೇಳಬೇಕು, ದಾಖಲೆ ಪುಸ್ತಕದಲ್ಲಿ ಜೊತೆಯವರ ಸಹಿ ಬಿದ್ದರೆ ಬೀಗ ತೆಗೆಯುತ್ತಾರೆ, ಒಬ್ಬಂಟಿಯಾಗಿ ಬಂದವರಿಗೆ ದೂರದಿಂದ ನೋಡಿಕೊಂಡು ಹೋಗುವುದು ಮಾತ್ರ. ಅವಳಿಗೆ ತಂಗಿ ಇದ್ದಾಳೆ, ಅತ್ತಿಗೆ ಇದ್ದಾಳೆ, ಕಾಲು ಗಟ್ಟಿ ಇರುವವರು, ನನ್ನನ್ನೇ ಕರೆದಳು. ಹಾಲಿನ ಗಾಡಿಯವನು ನಾಲ್ಕು ದಿನದ ಹಿಂದೆ ಪಕ್ಕದಲ್ಲಿ ನಿಲ್ಲಿಸಿ, ಹತ್ತಿ ತಾಯಿ, ನಿಮ್ಮ ನಡಿಗೆ ನೋಡೋಕಾಗ್ತಿಲ್ಲ ಅಂದ, ನಾನೂ ಕೈಮುಗಿದೆ, ಹತ್ತೇ, ಯಾರೂ ನೋಡ್ತಿಲ್ಲ. ನೀನು ನೋಡ್ತಿದೀಯಲ್ಲ, ಅಂದಳು, ಹತ್ತಿದ್ರೆ ಅಲ್ಲಿ ನೀನು ಸುಳ್ಳಿಗೆ ಸಹಿ ಹಾಕ್ಬೇಕಾಗುತ್ತೆ, ಬೇಡ. ಗಾಡಿಯವನು ಹೋದ, ಖಾಲಿ ಕ್ಯಾನುಗಳ ಸದ್ದು ತಿರುವಿನ ತನಕ ಕೇಳಿತು, ನನ್ನ ಮುಖ ಸುಟ್ಟ ಹಾಗಾಗಿತ್ತು, ಬಿಸಿಲಿಗೆ ಅಂದುಕೊಂಡಳು ಎಂದುಕೊಂಡೆ.

ಪಟ್, ಪಟ್, ಈಗ ಮಂಜು ಕರಗಿದೆ, ಗುಡ್ಡ ಪೂರ್ತಿ ಕಾಣುತ್ತಿದೆ, ಅಂಕುಡೊಂಕು ದಾರಿಯಲ್ಲಿ ಜನ ಇರುವೆಗಳ ಹಾಗೆ. ಇಪ್ಪತ್ತಮೂರನೆಯ ದಿನ, ಬೇಡ, ಅದನ್ನು ನೆನೆಯಬೇಡ, ನೆನೆಯದಿದ್ದರೂ ಎಡಗಾಲಿನ ಸದ್ದು ನೆನಪಿಸುತ್ತದೆ, ಅವತ್ತು ದಾರಿಯಲ್ಲಿ ಅವಳು ಸಹಿ ಹಾಕಿದವರ ಮಾತೆತ್ತಿದಳು, ಇಪ್ಪತ್ತೆಂಟು ಜನ ಹಾಕಿದಾರಂತೆ ಕಣೇ ನಮ್ಮ ಕೋಣೆಯವರು, ಅಂದಳು, ಯಾರ್ಯಾರಂತೆ ಅಂದೆ, ಯಾರಾದ್ರೇನು, ನನಗೆ ಅವರ ಮೇಲೆ ಸಿಟ್ಟಿಲ್ಲ, ಹಾಕಿ ಬಂದು ನನ್ನ ಮುಖ ನೋಡಿ ನಗ್ತಾರಲ್ಲ, ಆ ನಗು ನೋಡಿದ್ರೆ ವಾಕರಿಕೆ ಬರುತ್ತೆ, ಅಂದಳು. ಆಮೇಲೆ ಮೂರು ಗಂಟೆ ನಡೆದೆವು, ತಂಗುದಾಣದಲ್ಲಿ ಅವಳು ಬೆಳಕಿನ ಕಡೆ ಕೂತು ಕಾಲು ಚಾಚಿ ಊರಿಂದ ಕಾಗದ ಅಂದಳು, ತಲೆನೋವು ಕಣೇ ಅಂದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದೆ, ಹೊರಗೆ ಇನ್ನೂ ಬಿಸಿಲಿತ್ತು, ಜನ ಬಟ್ಟೆ ಒಣಗಿಸುತ್ತಿದ್ದರು, ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು, ಆಮೇಲೆ ಬೂಟು ಹಾಕಿಕೊಂಡೇ ಮಲಗಿದ ಸದ್ದು ಕೇಳಿತು, ಎದ್ದು ನೋಡಬಹುದಿತ್ತು, ನೋಡಲಿಲ್ಲ. ಬೂಟಿನೊಳಗೆ ಗಾಜಿನ ಚೂರಿತ್ತು, ಕಿರುಬೆರಳ ಉಗುರಿನಷ್ಟೇ ಅಗಲ, ಅಟ್ಟೆಯ ಪಕ್ಕದಲ್ಲಿ ಅಂಟು ಬಿಟ್ಟ ಕಡೆಯಿಂದ ಒಳಗೆ ಹೊಕ್ಕಿತ್ತು, ಅಲ್ಲಿ ಅಂಟಿಸಿದ ಕೈ ನನ್ನದೋ ಅವಳದೋ, ಮಾರನೆಯ ದಿನ ಪೂರ್ತಿ ಅದರ ಮೇಲೆ ನಡೆದಳು, ಹಾಡಿಕೊಂಡು ನಡೆದಳು, ಸಂಜೆ ಕಾಲುಚೀಲ ಬಿಚ್ಚಲು ಹೋದರೆ ಬರಲಿಲ್ಲ, ಮಾಂಸಕ್ಕೆ ಅಂಟಿಕೊಂಡಿತ್ತು. ಏನಂತೆ, ಅಂದಳು ಗೋಡೆಗೊರಗಿ. ಕ್ಷೇಮ ಅಂದೆ. ಕ್ಷೇಮ ಅಂತ ಬರೆದವರ ಕೈ ಯಾಕೆ ನಡುಗ್ತಿದೆ, ಅಂದಳು. ಮುಂದಿನ ತಂಗುದಾಣದ ದಾದಿ ಗಾಯ ಬಿಚ್ಚಿ ನೋಡಿ, ಮೂಗು ಹತ್ತಿರ ತಂದು, ನನ್ನನ್ನು ಆಚೆ ಕರೆದಳು, ಈಗಿಂದೀಗಲೇ ಆಸ್ಪತ್ರೆಗೆ ಹೋದ್ರೆ ಎರಡು ಬೆರಳು ಹೋಗುತ್ತೆ, ತಡ ಮಾಡಿದ್ರೆ ಪಾದ, ಆಮೇಲೆ ನಾನು ಹೇಳಲಾರೆ. ಬುಗುರಿಗೆ ಎಲ್ಲ ಹೇಳಿದೆ, ಇದನ್ನು ಹೇಳಿದೆ, ಅದನ್ನಲ್ಲ. ಹೇಗಿದ್ರೂ ನನ್ನ ಹತ್ರ ಇಲ್ಲದ ಪಾದ, ಅಂದಳು, ಅವರೇ ಆಗಲೇ ತಗೊಂಡಿದಾರೆ, ಈಗ ಕತ್ತರಿಸಿದ್ರೆ ರಶೀದಿ ಕೊಟ್ಟ ಹಾಗೆ ಅಷ್ಟೇ, ನಡಿ, ಇನ್ನು ಆರು ದಿನ. ನಾನೇ ಬೇಡ ಅನ್ನಬೇಕಿತ್ತು, ದಾರಿಗಡ್ಡ ಮಲಗಬೇಕಿತ್ತು, ಮಲಗಲಿಲ್ಲ, ನನ್ನಂಥವಳಿಗೆ ತಡೆಯುವ ಹಕ್ಕು ಎಲ್ಲಿಂದ ಬರಬೇಕು ಅಂದುಕೊಂಡು ಸುಮ್ಮನೆ ಹಿಂದೆ ನಡೆದೆ, ಆರು ದಿನ ಆ ವಾಸನೆಯ ಹಿಂದೆ ನಡೆದೆ.

ಗುಡ್ಡದ ಬುಡ ಬಂತು. ಏರು ಹತ್ತುವಾಗ ಅವಳು ಇನ್ನೂ ಎತ್ತರಕ್ಕೆ ಮೊಣಕಾಲೆತ್ತಬೇಕು, ಐದು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ, ಮೇಲಿಂದ ಇಳಿಯುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಾರೆ, ಒಬ್ಬಳು ಗುರುತು ಹಿಡಿದಳು, ಪೇಪರಿನಲ್ಲಿ ಬಂದವರು ನೀವೇ ಅಲ್ವಾ, ಬೂಟು ಎತ್ತಿ ತೋರಿಸಿದವರು. ಹೌದು, ಅದೊಂದು ಪೆದ್ದತನ, ಹದಿನಾಲ್ಕನೆಯ ದಿನ ಪೇಪರಿನವನೊಬ್ಬ ತಂಗುದಾಣಕ್ಕೆ ಬಂದು ಇಷ್ಟು ದೂರಕ್ಕೆ ಎಂಥ ಬೂಟು ಹಾಕಿದೀರಿ ಎಂದು ಕೇಳಿದ, ಬೇರೆ ಯಾರಾದರೂ ಆಗಿದ್ದರೆ ದೇವರು ನಡೆಸ್ತಾನೆ ಅಂದು ಸುಮ್ಮನಾಗುತ್ತಿದ್ದರು, ನಾವು ಅಟ್ಟೆ ಅಂಟಿಸುವವರು, ಇಪ್ಪತ್ತಾರು ವರ್ಷದಲ್ಲಿ ನಮ್ಮ ಕೆಲಸದ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ, ಬುಗುರಿ ಕಾಲೆತ್ತಿ ಅಟ್ಟೆಯನ್ನು ತಟ್ಟಿ ತೋರಿಸಿದಳು, ನಮ್ಮ ಕೈಯಲ್ಲೇ ಅಂಟಿಸಿದ್ದು ಸ್ವಾಮಿ, ಎಳೆದು ನೋಡಿ, ಬರಲ್ಲ, ನಾನು ಪಕ್ಕದಿಂದ ಕಾರ್ಖಾನೆಯ ಹೆಸರನ್ನೂ ಹೇಳಿದೆ, ಅಕ್ಷರ ತಪ್ಪಾಗಬಾರದು ಅಂತ ಬರೆದೂ ಕೊಟ್ಟೆ, ಗುಂಡಗಿನ ಅಕ್ಷರದಲ್ಲಿ. ಅವತ್ತು ರಾಣಿಯರ ಹಾಗಿದ್ದೆವು. ಆಗ ಹೊಳೆಯಲಿಲ್ಲ, ಆ ಪೇಪರು ಕಾರ್ಖಾನೆಗೂ ಹೋಗುತ್ತದೆ ಅಂತ ಹೊಳೆಯಲಿಲ್ಲ, ಈಗ ಹೊಳೆಯಿತು, ದಾಖಲೆ ಮನೆಯ ಜಗುಲಿಯ ಮೇಲೆ, ನೆರಳಿನಲ್ಲಿ, ಒಂದು ಸುಕ್ಕಿಲ್ಲದ ಅಂಗಿ ನಿಂತಿದೆ, ಪಕ್ಕದಲ್ಲಿ ಕ್ಯಾಮೆರಾದವನು, ಕಂಕುಳಲ್ಲಿ ಹೊಸ ಬೂಟಿನ ಡಬ್ಬ. ಬುಗುರಿಯೂ ನೋಡಿದಳು, ಅಯ್ಯೋ ಇಸ್ತ್ರಿ ಇಲ್ಲಿಗೂ ಬಂದನಲ್ಲೇ, ಗುಡ್ಡ ಹತ್ತಿದರೂ ಮಡಿಕೆ ಮುರಿದಿಲ್ಲ ನೋಡು, ಅಂದಳು, ಬೆವರಿನಲ್ಲಿ ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬನ್ನಿ ಬನ್ನಿ, ಎಂದ ಇಸ್ತ್ರಿ, ಎರಡು ಮೆಟ್ಟಿಲು ಇಳಿದೇ ಬಂದ, ನಮ್ಮ ಕಂಪನಿಗೇ ಹೆಮ್ಮೆ, ನಾನೂರು ಕಿಲೋಮೀಟರು, ನಮ್ಮದೇ ಬೂಟಲ್ಲಿ, ಒಂದು ಫೋಟೋ ಆಗಲಿ, ಅದಕ್ಕಿಂತ ಮುಂಚೆ ದಾಖಲೆ ಮುಗಿಸಿಬಿಡಿ, ಅದರದ್ದೊಂದು ನಕಲು ನಮಗೆ ಬೇಕು, ಗುರುವಾರಕ್ಕೆ. ಗುರುವಾರ ಎನ್ನುವಾಗ ನನ್ನ ಮುಖ ನೋಡಿದ. ಆಗ ಅರ್ಥವಾಯಿತು, ನಿಧಾನವಾಗಿ ಅಲ್ಲ, ಕಾಲ ಕೆಳಗಿನ ಮೆಟ್ಟಿಲು ಸರಿದ ಹಾಗೆ ಅರ್ಥವಾಯಿತು, ಅಂಟಿನಿಂದ ಕಾಲು ಹೋಯಿತು ಎಂದು ಅರ್ಜಿ ಹಾಕಿದವಳು ನಾನೂರು ಕಿಲೋಮೀಟರು ನಡೆದಳು, ಇಗೋ ದಾಖಲೆ, ಇಗೋ ಜೊತೆಗಾರ್ತಿಯ ಸಹಿ, ಅದೇ ಸಹಿ, ಕಿಟಕಿಗಳು ಸದಾ ತೆರೆದಿದ್ದವು ಎಂದ ಸಹಿ, ಎರಡನ್ನೂ ಪಕ್ಕಪಕ್ಕ ಇಡುತ್ತಾರೆ, ಕೋಣೆಯಲ್ಲಿ ತಪ್ಪಿಲ್ಲ, ಕಾಲಲ್ಲಿ ತಪ್ಪಿಲ್ಲ, ಹಲಗೆ ಮತ್ತೆ ಬೀಳುತ್ತದೆ, ಬಿಳಿ ಬೂಟುಗಳ ಕಾಲ ಇನ್ನೂ ಮುಗಿದಿಲ್ಲ. ಹೊರಡುವ ಹಿಂದಿನ ದಿನ ನಮ್ಮ ಸಾಲಿನ ಕಿರಿಯವಳನ್ನು ನೋಡಿದ್ದೆ, ಮದುವೆಯಾಗಿ ಆರು ತಿಂಗಳಾಗಿರಬೇಕು, ನೀರಿನ ನಲ್ಲಿಯ ಕಡೆ ಹೋಗುತ್ತಿದ್ದಳು, ಎಡ ಮೊಣಕಾಲನ್ನು ಒಂಚೂರು, ಒಂದೇ ಒಂಚೂರು ಮೇಲೆತ್ತಿ ಇಡುತ್ತಿದ್ದಳು, ಅವಳಿಗೆ ಇನ್ನೂ ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು.

ದಾಖಲೆ ಬರೆಯುವ ಮುದುಕ ಒಳ್ಳೆಯವನು, ಬುಗುರಿಗೆ ಬೆಂಚು ಎಳೆದು ಕೊಟ್ಟ, ನೀರು ಕೊಟ್ಟ, ಪುಟ ತಿರುಗಿಸಿದ, ಅಚ್ಚಾದ ಸಾಲನ್ನು ಕಣ್ಣು ಕಿರಿದು ಮಾಡಿ ಓದಿದ, ಈಕೆ ಹೊರಟಲ್ಲಿಂದ ಇಲ್ಲಿಯವರೆಗೆ ವಾಹನ ಹತ್ತದೆ, ಯಾರ ನೆರವೂ ಇಲ್ಲದೆ ನಡೆದು ಬಂದಿದ್ದಾಳೆ, ಜೊತೆಗಿದ್ದ ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲಿ ಹಾಕಮ್ಮ. ಯಾರ ನೆರವೂ ಇಲ್ಲದೆ ಅನ್ನೋದು ಹೊಡೆದು ಹಾಕಿ ಅಂದೆ. ಅಚ್ಚಾಗಿರೋದು ತಾಯಿ, ನೂರು ವರ್ಷದಿಂದ ಇದೇ ಸಾಲು. ಹಾಗಾದ್ರೆ ಕೆಳಗೆ ನಾನು ಬರೀತೀನಿ, ಕಾಲಿಗೆ ಸ್ಪರ್ಶ ಇಲ್ಲ, ಗಾಜು ಹೊಕ್ಕಿದ್ದು ಗೊತ್ತಾಗಲಿಲ್ಲ, ದಿನಾ ಸಂಜೆ ನಾನು ನೋಡಬೇಕಿತ್ತು, ಕೊಳೆತಿದೆ, ಎಲ್ಲ ಬರೀತೀನಿ. ಜಾಗ ಎಲ್ಲಿದೆಯಮ್ಮ, ಸಹಿಗಷ್ಟೇ ಜಾಗ ಇರೋದು, ಹಾಕೋದಾದ್ರೆ ಹಾಕಿ, ಇಲ್ಲ ಪಕ್ಕಕ್ಕೆ ಬನ್ನಿ, ಹಿಂದೆ ಜನ ನಿಂತಿದಾರೆ. ಗೋಡೆಯ ಆಚೆ ಬುಗ್ಗೆ, ಯಾರೋ ನೀರಿಗೆ ಕಾಲಿಟ್ಟರು, ಕಿರುಚಿದರು, ಕಿರುಚಿದ ಮೇಲೆ ನಗು, ಇನ್ನೊಬ್ಬರು, ಮತ್ತೆ ಕಿರುಚಾಟ, ಬುಗುರಿ ಬೆಂಚಿನ ಮೇಲೆ ತಲೆ ಆ ಕಡೆ ವಾಲಿಸಿ ಕೂತಿದ್ದಾಳೆ, ಬಾಯಿ ಅರ್ಧ ತೆರೆದು, ಹಾಡು ಕೇಳುವವಳ ಹಾಗೆ. ಮುದುಕ ಪೆನ್ನನ್ನು ಮಸಿಯಲ್ಲಿ ಅದ್ದಿ ನನ್ನ ಕಡೆಗೆ ಚಾಚಿದ. ಹಾಕಿ, ಎಂದ ಇಸ್ತ್ರಿ, ಮೆತ್ತಗೆ, ಪಾಪ ಇಷ್ಟು ದೂರ ಬಂದಿದಾರೆ, ಅವರ ಪುಣ್ಯಕ್ಕೆ ನೀವು ಅಡ್ಡ ಬರ್ತೀರಾ, ನಿಮ್ಮ ಮಗಳ ಕಾಯಂ ಪತ್ರ ನನ್ನ ಮೇಜಿನ ಮೇಲೇ ಇದೆ. ಪೆನ್ನಿನ ತುದಿಯಲ್ಲಿ ಮಸಿಯ ಹನಿ. ನಾನು ಬುಗುರಿಯ ಕಡೆ ನೋಡಿದೆ, ಬೇಡ ಅಂತ ಒಂದು ಸಲ ತಲೆಯಾಡಿಸೇ, ನಿನಗೂ ಗೊತ್ತಾಗಿದೆ ಅಲ್ವಾ ಇವನು ಯಾಕೆ ಬಂದಿದಾನೆ ಅಂತ, ನಿನ್ನದೇ ಅರ್ಜಿ, ನಿನ್ನದೇ ನಲವತ್ತು ಜನ, ನೀನೇ ಬೇಡ ಅಂದುಬಿಡು. ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು, ಅಷ್ಟು ದಣಿದ ಮುಖವನ್ನು ಇಪ್ಪತ್ತಾರು ವರ್ಷದಲ್ಲಿ ನೋಡಿರಲಿಲ್ಲ, ಹಾಕೇ ಗೂಟ, ಅಂದಳು. ಗುರುವಾರ ಕಣೇ, ಅಂದೆ. ಗುರುವಾರದ ಹೊತ್ತಿಗೆ ನನ್ನ ಕಾಲು ಬಕೆಟ್ಟಿನಲ್ಲಿರುತ್ತೆ, ಅಂದಳು, ಇವತ್ತು ಇದೆ, ಹಾಕು. ಅವತ್ತು ಅವರು ಹಾಕು ಅಂದಾಗ ಹಾಕಿದ್ಯಲ್ಲ, ಅಂದಳು, ದನಿ ಏರಿಸದೆ, ಸಾಲಿನಲ್ಲಿ ಹಿಂದಿದ್ದವರಿಗೂ ಕೇಳದ ಹಾಗೆ, ಮಂಡಳಿಯವರು ನನಗೊಂದು ಪ್ರತಿ ಕಳಿಸಿದ್ರು, ಹೊರಡೋ ಹಿಂದಿನ ವಾರ, ನಿನ್ನ ಅಕ್ಷರ ನನಗೆ ಗೊತ್ತಾಗಲ್ವಾ, ಅವತ್ತು ಅವರಿಗೋಸ್ಕರ ಹಾಕ್ದೆ, ಇವತ್ತು ನಾನು ಕೇಳ್ತಿದೀನಿ, ನನಗೋಸ್ಕರ ಒಂದು ಸಲ ಹಾಕು.

ಗೊತ್ತಿತ್ತು. ಹೊರಡುವ ಮುಂಚೆಯೇ ಗೊತ್ತಿತ್ತು, ಗೊತ್ತಿದ್ದೂ ತಂಗಿಯನ್ನು ಬಿಟ್ಟು, ಅತ್ತಿಗೆಯನ್ನು ಬಿಟ್ಟು ನನ್ನ ಮನೆಯ ಬಾಗಿಲು ತಟ್ಟಿದಳು, ಗೊತ್ತಿದ್ದೂ ಸಂಜೆ ಸಂಜೆ ಕಾಲು ತಂದು ನನ್ನ ಮಡಿಲಲ್ಲಿ ಹಾಕಿದಳು, ಊರಿಂದ ಕಾಗದ ಬಂತೇನೇ, ಒಂದೊಂದು ಸಂಜೆಯೂ ಅವಳು ಕಾಯುತ್ತಿದ್ದದ್ದು ಬೇರೆ ಕಾಗದಕ್ಕೆ, ನಾನು ಗುಳ್ಳೆಯ ಸುದ್ದಿ ಓದಿ ಹೇಳುತ್ತಿದ್ದೆ, ನಗುತ್ತಿದ್ದೆ, ಅವಳಿಗೆ ವಾಕರಿಕೆ ಬರಿಸುವ ನಗು ಅದೇ ಇರಬೇಕು, ತಲೆನೋವು ಎಂದು ಗೋಡೆಯ ಕಡೆ ತಿರುಗಿದಾಗ ಯಾಕೆಂದು ಅವಳಿಗೆ ಗೊತ್ತಿತ್ತು, ಬೂಟು ಹಾಕಿಕೊಂಡೇ ಮಲಗಿದಳು, ಇನ್ನೊಬ್ಬರಿಗೆ ನೋಡಿ ಅನ್ನಬಹುದಿತ್ತು, ಪಕ್ಕದ ಚಾಪೆಯ ಮುದುಕಿಯನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಏನು ಕೇಳಿದರೂ ಕೊಡಬೇಕು ಇವಳಿಗೆ, ನನ್ನ ಪಾದ ಕೇಳಿದರೆ ಪಾದ, ಕೊಟ್ಟ ಸಾಲ ವಾಪಸು ಕೇಳುವ ಹಾಗೆ ಕೇಳುತ್ತಿದ್ದಾಳಾ, ಇಲ್ಲ, ಸುಮ್ಮನೆ ಕೇಳುತ್ತಿದ್ದಾಳೆ, ಬಾಯಾರಿದವರು ನೀರು ಕೇಳುವ ಹಾಗೆ, ಒಂದು ಸಲ ಕಿರುಚಬೇಕು ಕಣೇ, ನೀರಿಗಿಟ್ಟರೂ ಅವಳು ಕಿರುಚಲಾರಳು, ಆ ಕಾಲಿಗೆ ತಣ್ಣಗಿಲ್ಲ ಬಿಸಿಯಿಲ್ಲ, ಸುಮ್ಮನೆ ನೀರಿನ ಕಡೆ ನೋಡುತ್ತ ನಿಂತಿರುತ್ತಾಳೆ, ಆಮೇಲೆ ನನ್ನನ್ನು ಕೇಳುತ್ತಾಳೆ ತಣ್ಣಗಿದೆಯೇನೇ ಅಂತ, ಆ ಪ್ರಶ್ನೆಗೆ ಹೆದರಿ ಪೆನ್ನು ಹಿಡಿಯದೆ ನಿಂತಿದ್ದೇನಾ, ಅಲ್ಲ, ಇರಬಹುದು, ಗೋಡೆಯಾಚೆ ಮತ್ತೆ ಯಾರೋ ಕಿರುಚಿದರು. ಪೆನ್ನು ಹಾಗೇ ಚಾಚಿದೆ, ತುದಿಯಲ್ಲಿ ಹನಿ. ಹಾಕಮ್ಮ, ಅನ್ನುತ್ತಿದ್ದಾನೆ ಮುದುಕ. ಹಾಕಿ, ಅನ್ನುತ್ತಿದ್ದಾನೆ ಇಸ್ತ್ರಿ. ಹಾಕೇ, ಅನ್ನುತ್ತಿದ್ದಾಳೆ ಬುಗುರಿ, ಅವಳ ಕಣ್ಣಲ್ಲಿ ನೀರಿದೆ, ಅಪ್ಪ ಸತ್ತಾಗಲೂ ಅಳದವಳು, ಕಾಲು ಸತ್ತಾಗಲೂ ಅಳದವಳು, ಹನಿ ಪೆನ್ನಿನ ತುದಿಯಲ್ಲಿ ದಪ್ಪವಾಗುತ್ತಿದೆ, ಕರಿ ಹನಿ, ಕೆಳಗೆ ಖಾಲಿ ಸಾಲು, ಬಿಳಿ ಬೂಟಿನ ಹಾಗೆ ಬಿಳಿ, ಒಂದು ಧೂಳಿಲ್ಲ, ನಲ್ಲಿಯ ಕಡೆ ಹೋಗುವ ಕಿರಿಯವಳ ಎಡ ಮೊಣಕಾಲು, ಮಗಳೇ ನಿನ್ನ ಪತ್ರ ಅವನ ಮೇಜಿನ ಮೇಲೇ ಇರಲಿ, ಹನಿ, ಬುಗುರಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಬೀಳುತ್ತದೆ, ಇನ್ನೂ ಬಿದ್ದಿಲ್ಲ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ, ಹಾಕಲ್ಲ, ಅಂದೆ, ಅವಳಿಗೇ ಅಂದೆ, ಹನಿ ಇನ್ನೂ ಅಲ್ಲೇ ತೂಗುತ್ತಿದೆ, ಹಾಕಲ್ಲ ಕಣೇ.